ಕಾಲ್ಬೆರಳಲ್ಲಿ ಬರೆದ ಅಕ್ಷರಮಾಲೆ

ಮಂಡಿ ಬದಲಾಯಿಸಿಕೊಂಡವರು ಈಗ ಬೀದಿಗೊಬ್ಬರಿದ್ದಾರೆ. ಸೊಂಟದ ಕೀಲು ಬದಲಾಯಿಸಿಕೊಂಡವರೂ ಯಾವುದಾದರೂ ಮದುವೆ ಮನೆಯಲ್ಲಿ ಸಿಕ್ಕೇ ಸಿಗುತ್ತಾರೆ. ನಾನು ಪಾದದ ಗಿಣ್ಣು ಬದಲಾಯಿಸಿಕೊಂಡೆ ಎಂದರೆ ಮಾತ್ರ, ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕಾಲು ನೋಡುತ್ತಾರೆ, ಆಮೇಲೆ "ಅದನ್ನೂ ಬದಲಾಯಿಸುತ್ತಾರಾ?" ಅನ್ನುತ್ತಾರೆ. ಬದಲಾಯಿಸುತ್ತಾರೆ. ಒಂದೂವರೆ ವರ್ಷದ ಹಿಂದೆ ನನ್ನ ಎಡಗಾಲಿಗೆ ಆಯಿತು. ಆಪರೇಷನ್ ಬಗ್ಗೆ ಹೇಳಲು ನನಗೆ ಹೆಚ್ಚೇನೂ ಇಲ್ಲ, ಆಗ ನಾನು ನಿದ್ದೆಯಲ್ಲಿದ್ದೆ. ಅದಕ್ಕೆ ಮೊದಲು ಮತ್ತು ಆಮೇಲೆ ಮಾಡಿದ ವ್ಯಾಯಾಮದ ಬಗ್ಗೆ ಮಾತ್ರ ಈ ವಾರ ಬರೆಯಬೇಕು ಅನ್ನಿಸಿದೆ. ಹಾಗೆ ಬರೆಯಿರಿ ಎಂದು ಕೇಳಿದ ಅಜ್ಜಂದಿರೂ ಇಬ್ಬರಿದ್ದಾರೆ.

ಮಕ್ಕಳೇ, ಇದು ಹಸು ಕರು ಹಾಕಿದಾಗ ಅಜ್ಜಿ ಮಾಡುವ ಗಿಣ್ಣಲ್ಲ. ಕಾಲಿಗೆ ಗೆಜ್ಜೆ ಕಟ್ಟುತ್ತೀರಲ್ಲ, ಆ ಜಾಗದ ಕೀಲು. ಕೆಲವರು ಕಣಕಾಲು ಅನ್ನುತ್ತಾರೆ, ಕೆಲವರು ಹರಡು ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಆ್ಯಂಕಲ್. ಅದರ ಕೆಲಸ ಏನೆಂದು ತಿಳಿಯಲು ಪುಸ್ತಕ ಬೇಡ. ಹಿಮ್ಮಡಿ ನೆಲ ಬಿಡದಂತೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ಮೊಣಕಾಲು ಮುಂದಕ್ಕೆ ಬಾಗುತ್ತದಲ್ಲ, ಆ ಬಾಗು ಗಿಣ್ಣಿನದು. ಈಗ ಎದ್ದು, ಗಿಣ್ಣು ಒಂದಿಷ್ಟೂ ಮಡಚದಂತೆ ಬಿಗಿಹಿಡಿದು ಅಡುಗೆಮನೆವರೆಗೆ ನಡೆದುಬನ್ನಿ. ಮರಗಾಲು ಕಟ್ಟಿಕೊಂಡ ಹಾಗಾಗುತ್ತದೆ. ಅಜ್ಜ ಅಜ್ಜಿಯರು ಈ ಪ್ರಯೋಗ ಮಾಡುವುದು ಬೇಡ, ನೋಡಿದರೆ ಸಾಕು.

ಮೊಣಕಾಲಿನಿಂದ ಕೆಳಗೆ ಇಳಿಯುವ ಎರಡು ಮೂಳೆಗಳು, ಒಂದು ದಪ್ಪ, ಒಂದು ತೆಳು, ಕೊನೆಯಲ್ಲಿ ಕವೆಯ ಆಕಾರಕ್ಕೆ ಬರುತ್ತವೆ. ಆ ಕವೆಯೊಳಗೆ ಪಾದದ ಒಂದು ಮೂಳೆ ತಲೆ ತೂರಿಸಿ ಕೂತಿದೆ. ಹೆಸರು ಟೇಲಸ್. ಪಾದದ 26 ಮೂಳೆಗಳಲ್ಲಿ ಇದರದು ಒಂದು ವಿಚಿತ್ರ: ಇದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೇಲಿನವರ ಭಾರವನ್ನೆಲ್ಲ ಹೊತ್ತುಕೊಂಡು, ಅಕ್ಕಪಕ್ಕದವರು ಎಳೆದ ಕಡೆ ಹೊರಳುವುದಷ್ಟೇ ಅದರ ಪಾಡು. (ಥೇಟು ಬ್ಯಾಂಕಿನ ಗುಮಾಸ್ತನ ಹಾಗೆ ಎಂದು ನಮ್ಮ ಮನೆಯಾಕೆ ಹೇಳಿದಳು.) ಈ ಮೂಳೆಗಳು ಒಂದಕ್ಕೊಂದು ಉಜ್ಜದಂತೆ ನಡುವೆ ಮೃದ್ವಸ್ಥಿಯ ನುಣುಪಾದ ಪದರ ಇರುತ್ತದೆ. ಗಿಣ್ಣಿನಲ್ಲಿ ಅದರ ದಪ್ಪ ಒಂದೆರಡು ಮಿಲಿಮೀಟರ್ ಮಾತ್ರ. ಆದರೂ ಎಂಬತ್ತು ವರ್ಷದವರಲ್ಲೂ ಅದು ಚೆನ್ನಾಗಿಯೇ ಇರುವುದುಂಟು. ಮಂಡಿಯ ಹಾಗೆ ಗಿಣ್ಣು ಬರೀ ವಯಸ್ಸಿನಿಂದ ಸವೆಯುವುದು ಕಡಿಮೆ. ಬಹುಪಾಲು ಜನರಲ್ಲಿ ಯಾವುದೋ ಹಳೆಯ ಪೆಟ್ಟು ಕಾರಣ ಆಗಿರುತ್ತದೆ. ನನಗೂ ಹಾಗೇ. 1985ರ ಮಳೆಗಾಲದಲ್ಲಿ ಸಕಲೇಶಪುರದಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ಚರಂಡಿಯ ಕಲ್ಲಿನ ಸಂದಿಗೆ ಸಿಕ್ಕಿ ಮುರಿದಿತ್ತು. ಆರು ವಾರ ಪ್ಲಾಸ್ಟರ್ ಹಾಕಿದರು, ಕೂಡಿಕೊಂಡಿತು, ಮರೆತೂ ಹೋಯಿತು. ಮೂವತ್ತು ವರ್ಷದ ಮೇಲೆ ಬಡ್ಡಿ ಸಮೇತ ವಸೂಲಿಗೆ ಬಂತು.

ಮಾತ್ರೆ, ಪಟ್ಟಿ, ಇಂಜೆಕ್ಷನ್ ಎಲ್ಲ ಮುಗಿದ ಮೇಲೆ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಮೂಳೆಗಳನ್ನು ಸ್ಕ್ರೂ ಹಾಕಿ ಒಂದೇ ಆಗುವಂತೆ ಬೆಸೆಯುವುದು. ನೋವು ಹೋಗುತ್ತದೆ, ಬಾಗುವುದೂ ಹೋಗುತ್ತದೆ. ಗಟ್ಟಿ ಕೆಲಸ, ಇಂದಿಗೂ ಎಷ್ಟೋ ಜನರಿಗೆ ಅದೇ ಸರಿ. ಇನ್ನೊಂದು, ಸವೆದ ತುದಿಗಳನ್ನು ಕತ್ತರಿಸಿ ಮೇಲೂ ಕೆಳಗೂ ಲೋಹದ ಹೊದಿಕೆ ಹಾಕಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುವುದು. 1970ರ ಸುಮಾರಿಗೆ ಫ್ರಾನ್ಸಿನಲ್ಲಿ ಶುರುವಾದ ಕೆಲಸವಂತೆ. ಮೊದಮೊದಲು ಹಾಕಿದವು ಬೇಗ ಸಡಿಲವಾಗಿ ಡಾಕ್ಟರುಗಳೇ ಕೈಬಿಟ್ಟಿದ್ದರು. ಈಗಿನವು ಎಷ್ಟೋ ವಾಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋಗಿರುವವರಿಗೆ, ಸೋಂಕು ಇರುವವರಿಗೆ, ಮೂಳೆ ತೀರಾ ಮೆತ್ತಗಾದವರಿಗೆ ಇದು ಆಗಿಬರುವುದಿಲ್ಲ. ನನ್ನ ವಯಸ್ಸು, ತೂಕ, ಎಕ್ಸ್‌ರೇ ಎಲ್ಲ ನೋಡಿ ಬದಲಾಯಿಸುವುದೇ ಆಗಲಿ ಎಂದರು. ಆದರೆ ದಿನಾಂಕ ಕೊಡಲಿಲ್ಲ. ಆರು ವಾರ ಫಿಸಿಯೋಥೆರಪಿ ಮಾಡಿ ಬನ್ನಿ, ಆಮೇಲೆ ದಿನಾಂಕ ಎಂದರು.

ಹೊಸ ಕೀಲು ಬರುವ ಮೊದಲೇ ವ್ಯಾಯಾಮ ಏಕೆ? ಸವೆದ ಕೀಲಿಗೆ ಎಷ್ಟು ವ್ಯಾಯಾಮ ಮಾಡಿಸಿದರೂ ಹೋದ ಮೃದ್ವಸ್ಥಿ ಬರುವುದಿಲ್ಲವಲ್ಲ? ಇದನ್ನೇ ನಾನು ಫಿಸಿಯೋ ಹುಡುಗಿಯನ್ನು ಕೇಳಿದೆ. "ಅಂಕಲ್, ಆಪರೇಷನ್ ಆದಮೇಲೆ ವಾರಗಟ್ಟಲೆ ಎಡಗಾಲು ನೆಲಕ್ಕೆ ಇಡೋ ಹಾಗಿಲ್ಲ. ಆಗ ನಿಮ್ಮನ್ನ ಹೊರೋರು ಯಾರು?" ಎಂದು ಅವಳೇ ತಿರುಗಿ ಕೇಳಿದಳು. ಉತ್ತರ: ಎರಡು ತೋಳು ಮತ್ತು ಬಲಗಾಲು. ಆದ್ದರಿಂದ ಮೊದಲ ಆರು ವಾರದ ಹೆಚ್ಚಿನ ಪಾಠ ನೋಯುವ ಕಾಲಿಗಲ್ಲ, ಉಳಿದ ಮೈಗೆ.

ಕೈ ಇರುವ ಕುರ್ಚಿಯಲ್ಲಿ ಕೂತು, ಎರಡು ಕೈ ಊರಿ ಮೈಯನ್ನು ಮೇಲಕ್ಕೆತ್ತುವುದು. ಮೊದಲ ದಿನ ನಾಲ್ಕು ಸಲಕ್ಕೇ ತೋಳು ನಡುಗಿತು. ಮಲಗಿ, ಕಾಲನ್ನು ನೆಟ್ಟಗೆ ಒಂದಡಿ ಎತ್ತಿ ಹಿಡಿಯುವುದು, ತೊಡೆಗೆ. ಮಗ್ಗುಲಲ್ಲಿ ಮಲಗಿ ಮೇಲಿನ ಕಾಲೆತ್ತುವುದು, ಸೊಂಟದ ಪಕ್ಕಕ್ಕೆ. ಅಡುಗೆಮನೆಯ ಕಟ್ಟೆ ಹಿಡಿದು ಬಲಗಾಲೊಂದರ ಮೇಲೇ ನಿಲ್ಲುವುದು. ಮೀನಖಂಡ ಬಿಗಿದುಕೊಂಡಿರುತ್ತದೆ, ಅದಕ್ಕೆ ಗೋಡೆಗೆ ಕೈಯೊತ್ತಿ ನಿಂತು ಎಳೆತ. ನೋಯುವ ಗಿಣ್ಣನ್ನು ಮಾತ್ರ ನೋವಿಲ್ಲದ ಅಳತೆಯಲ್ಲಿ ಮೇಲೆ ಕೆಳಗೆ ಆಡಿಸುವುದು, ಅಷ್ಟೆ.

ಅವಳು ನಿಮ್ಮ ಜ್ಯಾಮಿಟ್ರಿ ಪೆಟ್ಟಿಗೆಯ ಕೋನಮಾಪಕಕ್ಕೆ ಎರಡು ಕೈ ಜೋಡಿಸಿದಂಥ ಒಂದು ಅಳತೆಗೋಲು ತಂದಿದ್ದಳು. ಅದನ್ನು ಕಾಲಿಗೆ ಹಿಡಿದು ಎಷ್ಟು ಡಿಗ್ರಿ ಬಾಗುತ್ತದೆ ಎಂದು ಬರೆದುಕೊಂಡಳು. ಆರೋಗ್ಯವಾದ ಗಿಣ್ಣು ಪಾದವನ್ನು ಮೇಲಕ್ಕೆ ಸುಮಾರು 20 ಡಿಗ್ರಿ, ಕೆಳಕ್ಕೆ 40-50 ಡಿಗ್ರಿ ಬಾಗಿಸುತ್ತದೆ. ಸರಾಗವಾಗಿ ನಡೆಯಬೇಕಾದರೆ ಮೇಲಕ್ಕೆ ಸುಮಾರು 10 ಡಿಗ್ರಿ ಬೇಕು. ನನ್ನದು ಮೂರು. ಅಂದು ರಾತ್ರಿ ನಾನು ಒಂದು ಹಳೆಯ ಡೈರಿ ತೆಗೆದು, ಮೊದಲ ಪುಟದಲ್ಲಿ 'ಆರಂಭಿಕ ಶಿಲ್ಕು: 3' ಎಂದು ಬರೆದೆ.

ಮನೆಗೂ ಪಾಠವಾಯಿತು. ಹಾಸನದ ನಮ್ಮ ಮನೆಯ ಬದಲು ಬೆಂಗಳೂರಿನ ಮಗನ ಮನೆಯಲ್ಲಿ ಇರುವುದೆಂದಾಯಿತು. ಅಲ್ಲಿ ನೆಲದ ಚಾಪೆ, ಕಾಲೊರೆಸು ಎಲ್ಲ ತೆಗೆಸಿದಳು, ಬಚ್ಚಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದಳು, ಕಮೋಡಿನ ಪಕ್ಕ ಹಿಡಿಕೆ ಹೊಡೆಸಿದಳು. ವಾಕರ್ ಹಿಡಿದವನ ಎರಡು ಕೈಯೂ ಸಂದಾಯವಾಗಿರುತ್ತದೆ, ಒಂದು ಲೋಟ ಕಾಫಿಯನ್ನೂ ಅವನು ಒಯ್ಯಲಾರ. ಆದ್ದರಿಂದ ವಾಕರಿಗೆ ಒಂದು ಬಟ್ಟೆ ಚೀಲ ಕಟ್ಟಿದೆವು, ಕನ್ನಡಕ, ಫೋನು, ನೀರಿನ ಬಾಟಲಿಗೆ. ಮನೆ ಮೊದಲ ಮಹಡಿ, 17 ಮೆಟ್ಟಿಲು. ಒಂದು ಕಾಲು ಊರದೆ ಹತ್ತುವುದು ಹೇಗೆ? ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತು, ಕೈಯೂರಿ, ಕೂತುಕೂತೇ ಒಂದೊಂದೇ ಮೆಟ್ಟಿಲು ಹಿಂದುಹಿಂದಕ್ಕೆ ಏರುವುದು. ಅಂಬೆಗಾಲಿನ ಮಗು ಮಾಡುವ ಹಾಗೆ. ಆಪರೇಷನ್ನಿಗೆ ಮೊದಲೇ ಇದನ್ನೂ ಮೂರು ದಿನ ಅಭ್ಯಾಸ ಮಾಡಿಸಿದಳು. ಮೂರನೇ ಕ್ಲಾಸಿನ ನನ್ನ ಮೊಮ್ಮಗಳು ನನ್ನ ಪಕ್ಕದಲ್ಲೇ ಹಾಗೇ ಏರಿ ಮೂರು ದಿನವೂ ಗೆದ್ದಳು.

ಆಪರೇಷನ್ ಎರಡು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯಿತಂತೆ. ಎಚ್ಚರವಾದಾಗ ಕಾಲು ದಿಂಬುಗಳ ಮೇಲೆ ಎದೆಗಿಂತ ಎತ್ತರದಲ್ಲಿತ್ತು. ಮಾರನೇ ದಿನದಿಂದ ಕೆಲಸ: ಬೆರಳಾಡಿಸು, ತೊಡೆ ಬಿಗಿ ಮಾಡಿ ಬಿಡು, ಕಾಲು ಮೇಲೆಯೇ ಇರಲಿ. ಗಿಣ್ಣನ್ನು ಆಡಿಸುವ ಹಾಗಿಲ್ಲ, ಅದು ಪಟ್ಟಿಯೊಳಗೆ ಭದ್ರ.

ಇಲ್ಲಿಂದ ನನ್ನ ನಿಜವಾದ ಕಷ್ಟ ಶುರುವಾಯಿತು. ನೋವು ಅಲ್ಲ, ನೋಡಲು ಬಂದವರು! ಬಂದವರೆಲ್ಲರ ಮನೆಯಲ್ಲೂ ಮಂಡಿ ಬದಲಾಯಿಸಿಕೊಂಡ ಒಬ್ಬ ಅತ್ತಿಗೆಯೋ ಭಾವನೋ ಇದ್ದೇ ಇದ್ದರು. "ನಮ್ಮ ಭಾವ ಮಾರನೇ ದಿನವೇ ನಡೆದರು, ನೀವಿನ್ನೂ ಮಲಗಿದ್ದೀರಲ್ಲ?" ಒಬ್ಬರಂತೂ, ಹೀಗೆ ಮಲಗಿದರೆ ಕೀಲು ಹಿಡಿದುಬಿಡುತ್ತದೆ, ಸ್ವಲ್ಪ ಸ್ವಲ್ಪ ಊರಿ ಎಂದು ಹಾಸಿಗೆಯ ಪಕ್ಕ ನಿಂತು ಕೈ ಕೊಟ್ಟರು. ಅವರ ಮಾತು ಮಂಡಿಗೆ ಸರಿ. ಮಂಡಿ ಮತ್ತು ಸೊಂಟದವರನ್ನು ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಎಬ್ಬಿಸಿ ನಡೆಸುತ್ತಾರೆ, ಬಾಗಿಸದಿದ್ದರೆ ಬೈಯುತ್ತಾರೆ. ಗಿಣ್ಣಿನ ಲೆಕ್ಕವೇ ಬೇರೆ. ಅದನ್ನು ಮುಂಭಾಗದಿಂದ ಕೊಯ್ದಿರುತ್ತಾರೆ. ಅಲ್ಲಿ ಚರ್ಮ ತೆಳು, ಕೆಳಗೆ ಮಾಂಸವೇ ಇಲ್ಲ, ರಕ್ತ ಬರುವುದೂ ಕಡಿಮೆ. ಮುಟ್ಟಿ ನೋಡಿಕೊಳ್ಳಿ, ಗೊತ್ತಾಗುತ್ತದೆ. ಆ ಗಾಯ ಕೂಡದೆ ಬಿಟ್ಟುಕೊಂಡರೆ ಒಳಗಿನ ಲೋಹಕ್ಕೆ ಸೋಂಕು ತಗಲುವ ಭಯ. ಅದಕ್ಕೇ ಮೊದಲು ಗಾಯ, ಆಮೇಲೆ ಬಾಗು, ಆಮೇಲೆ ಭಾರ, ಎಲ್ಲಕ್ಕಿಂತ ಕೊನೆಗೆ ಬಲ. ಈ ಸರದಿ ತಪ್ಪಿಸುವ ಹಾಗಿಲ್ಲ. ಎಷ್ಟು ವಾರಕ್ಕೆ ಏನು ಎಂಬುದು ಡಾಕ್ಟರಿಂದ ಡಾಕ್ಟರಿಗೆ, ಕಾಲಿನಿಂದ ಕಾಲಿಗೆ ಬೇರೆ. ಕೆಲವರಿಗೆ ಎರಡೇ ವಾರಕ್ಕೆ ಬೂಟು ಹಾಕಿ ನಿಲ್ಲಿಸುತ್ತಾರೆ, ಕೆಲವರಿಗೆ ಆರು ವಾರ ಕಾಯಿಸುತ್ತಾರೆ. ನನ್ನ ವಾರಗಳನ್ನು ಓದಿ ಯಾರೂ ತಮ್ಮ ಕಾಲಿಗೆ ಲೆಕ್ಕ ಹಾಕಬಾರದು.

ನನಗೆ ನಾಲ್ಕು ವಾರ ಎಂದಿತ್ತು. ಹೊಲಿಗೆ ಬಿಚ್ಚಿದ ದಿನ ಗಾಯದ ಕೆಳತುದಿಯಲ್ಲಿ ಹುಣಸೆಬೀಜದಷ್ಟು ಜಾಗ ಕಪ್ಪಗಾಗಿ ಕೂಡದೆ ಉಳಿದಿತ್ತು. ಡಾಕ್ಟರು ಬಹಳ ಹೊತ್ತು ನೋಡಿದರು. ಮಾತಾಡಲಿಲ್ಲ. ಆಮೇಲೆ, ಇನ್ನೂ ಎರಡು ವಾರ ಏನೂ ಬೇಡ, ಕಾಲು ಮೇಲೆ, ಸಕ್ಕರೆ ಹತೋಟಿಯಲ್ಲಿ, ಮೂರು ದಿನಕ್ಕೊಮ್ಮೆ ತೋರಿಸಿ ಎಂದರು. ಕೂಡದಿದ್ದರೆ ಮತ್ತೆ ಕೊಯ್ಯಬೇಕಾದೀತು ಎಂದು ಮಗನಿಗೆ ಹೊರಗೆ ಹೇಳಿದ್ದು ನನಗೂ ಕೇಳಿಸಿತು. ಆ ಎರಡು ವಾರ ನನ್ನ ಮನಸ್ಸು ಹೇಗಿತ್ತು ಎಂದು ಬರೆಯಲು ಹೋಗುವುದಿಲ್ಲ. ರಾತ್ರಿ ಒಬ್ಬನೇ ಇದ್ದಾಗ ಪಾದವನ್ನು ಒಂದಿಷ್ಟು ಆಡಿಸಿ ನೋಡೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಎಷ್ಟು ಸಲ ಅನ್ನಿಸಿತೋ. ಆಡಿಸಲಿಲ್ಲ. ಡೈರಿಯಲ್ಲಿ ದಿನವೂ 'ವ್ಯವಹಾರ ಇಲ್ಲ' ಎಂದು ಬರೆದೆ. ಫಿಸಿಯೋ ಹುಡುಗಿ ಮಾತ್ರ ಬರುವುದು ಬಿಡಲಿಲ್ಲ. ತೋಳು, ತೊಡೆ, ಬಲಗಾಲಿನ ಪಾಠ ನಡೆದೇ ಇತ್ತು. ಮೊದಲು ಆರು ವಾರ ತೋಳಿಗೆ ಕೂಡಿಟ್ಟದ್ದು ಖರ್ಚಿಗೆ ಬಂದದ್ದು ಆಗಲೇ. ಆ ಹದಿನಾಲ್ಕು ದಿನವೂ ನಾನು ಬಚ್ಚಲಿಗೆ ಇನ್ನೊಬ್ಬರ ಹೆಗಲು ಹಿಡಿಯದೆ ಹೋಗಿಬಂದೆ. ಎಪ್ಪತ್ತು ದಾಟಿದವರಿಗೆ ಅದರ ಬೆಲೆ ಗೊತ್ತು. ಗಾಯ ಕೂಡಿತು.

ಆಮೇಲಿನದು ಆಟದ ಭಾಗ. ದೊಡ್ಡ ಬೂಟು ಬಂತು, ಚಂದ್ರನ ಮೇಲೆ ಹೋದವರು ಹಾಕಿದಂಥದು. ಎಡಗಾಲಿಗೆ ಎಷ್ಟು ಭಾರ ಬಿಡಬೇಕು? 'ಸ್ವಲ್ಪ' ಎಂದರೆ ಎಷ್ಟು? ಫಿಸಿಯೋ ಹುಡುಗಿ ಬಚ್ಚಲುಮನೆಯ ತೂಕದ ಯಂತ್ರ ತರಿಸಿದಳು. ಬಲಗಾಲಿನ ಕೆಳಗೆ ಅಷ್ಟೇ ಎತ್ತರದ ಮರದ ಹಲಗೆ, ಎಡಗಾಲು ಯಂತ್ರದ ಮೇಲೆ, ಎರಡು ಕೈ ವಾಕರಿನ ಮೇಲೆ. ಮುಳ್ಳು 15 ಕಿಲೋ ತೋರಿಸುವಷ್ಟು ಮಾತ್ರ ಒತ್ತಬೇಕು. ಮೊಮ್ಮಗಳು ನೆಲಕ್ಕೆ ಬಗ್ಗಿ ಮುಳ್ಳು ಓದುತ್ತಿದ್ದಳು. "ತಾತ, ಹದಿನೆಂಟು! ಜಾಸ್ತಿ ಆಯ್ತು!" ಮುಂದಿನ ವಾರ 30, ಅದರ ಮುಂದಿನ ವಾರ 45. ನನ್ನ ತೂಕ 64. ನಾಲ್ಕನೇ ವಾರ ಪೂರ್ತಿ 64 ಎಡಗಾಲಿನ ಮೇಲೆ ಬಂದ ದಿನ ಅವಳು ಅಜ್ಜಿಯನ್ನು ಕರೆದು ತೋರಿಸಿದಳು.

ಜೊತೆಗೆ ಗಿಣ್ಣು ಬಾಗಿಸುವ ಪಾಠ. ಮೊದಲು ಬರೀ ಮೇಲೆ ಕೆಳಗೆ, ಪಕ್ಕಕ್ಕೆ ತಿರುಗಿಸುವ ಹಾಗಿಲ್ಲ. ಕೆಲವು ವಾರ ಕಳೆದು ಅಪ್ಪಣೆ ಸಿಕ್ಕಮೇಲೆ, ಹೆಬ್ಬೆರಳನ್ನೇ ಪೆನ್ಸಿಲ್ ಅಂದುಕೊಂಡು ಗಾಳಿಯಲ್ಲಿ ಅಕ್ಷರ ಬರೆಯಬೇಕು. ಕಾಲು ಅಲ್ಲಾಡಬಾರದು, ಗಿಣ್ಣು ಮಾತ್ರ ಆಡಬೇಕು. ಅವರ ಪುಸ್ತಕದಲ್ಲಿ ಎ ಬಿ ಸಿ ಡಿ ಬರೆಸುತ್ತಾರೆ. ನಾನು ಕನ್ನಡದಲ್ಲಿ ಬರೆಯುತ್ತೇನೆ ಎಂದೆ. ಹಟಕ್ಕೆ ಹೇಳಿದ್ದಲ್ಲ. ಅವರ ಅಕ್ಷರದಲ್ಲಿ ಅರ್ಧಕ್ಕರ್ಧ ನೆಟ್ಟಗಿನ ಗೆರೆ. ನಮ್ಮದು ಎಲ್ಲ ದುಂಡು, ಸುರುಳಿ, ಕೊಂಬು, ಒತ್ತು. 'ಅ' ಒಂದನ್ನೇ ಬರೆದು ನೋಡಿ, ಪಾದ ಎಷ್ಟು ದಿಕ್ಕಿಗೆ ಹೋಗಿಬರುತ್ತದೆ! 'ಖ' ಪರವಾಗಿಲ್ಲ. 'ಝ' ಬರೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. 49 ಅಕ್ಷರ ಮುಗಿಸಲು ಮೊದಲು ಎರಡು ಕಂತು ಬೇಕಾಗುತ್ತಿತ್ತು. ಮೊಮ್ಮಗಳು ಎದುರು ಕೂತು ಯಾವ ಅಕ್ಷರ ಎಂದು ಗುರುತಿಸಬೇಕು. ಬೆಂಗಳೂರಿನ ಶಾಲೆಯ ಹುಡುಗಿ, ಅವಳಿಗೆ ಥ, ಧ ಎರಡರಲ್ಲೂ ಗೊಂದಲವಿತ್ತು. ನನ್ನ ಕಾಲು ಅವನ್ನು ಬೇರೆಬೇರೆಯಾಗಿ ಬರೆಯಲು ಕಲಿಯುವ ಹೊತ್ತಿಗೆ ಅವಳ ಕೈಯೂ ಕಲಿತಿತ್ತು.

ಗೋಲಿಯೂ ಇತ್ತು. ನೆಲದ ಮೇಲೆ ಹತ್ತು ಗೋಲಿ ಹರಡಿ, ಕಾಲ್ಬೆರಳಿನಿಂದ ಒಂದೊಂದೇ ಎತ್ತಿ ಬಟ್ಟಲಿಗೆ ಹಾಕುವುದು. ಪಾದದ ಸಣ್ಣ ಸ್ನಾಯುಗಳಿಗೆ ಒಳ್ಳೆಯದು. ನೆಲದ ಮೇಲೆ ಹಾಸಿದ ಟವೆಲನ್ನು ಬೆರಳಿನಿಂದಲೇ ಮುದುರಿ ಎಳೆದುಕೊಳ್ಳುವುದು. ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿ ನಾಲ್ಕು ದಿಕ್ಕಿಗೂ ಎಳೆಯುವುದು. ಮೂರನೇ ತಿಂಗಳ ಹೊತ್ತಿಗೆ ಬೂಟು ಹೋಗಿ ಮೆತ್ತನೆ ಶೂ ಬಂತು. ಮೆಟ್ಟಿಲ ಕಟಾಂಜನ ಹಿಡಿದು, ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಈ ಸೂತ್ರ ಯಾವ ಕಾಲುನೋವಿಗೂ ಆದೀತು, ಅಜ್ಜಿಯರು ನೆನಪಿಡಬಹುದು.

ನೋವಿಗೆ ಅವಳು ಕೊಟ್ಟ ಅಳತೆಯನ್ನೂ ಹೇಳಬೇಕು. ವ್ಯಾಯಾಮ ಮಾಡುವಾಗ ಎಳೆತ, ಸ್ವಲ್ಪ ನೋವು ಸಹಜ. ಮಾರನೇ ಬೆಳಿಗ್ಗೆಯೂ ಅದು ಉಳಿದಿದ್ದರೆ, ಊತ ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ, ನಿನ್ನೆ ಮಾಡಿದ್ದು ಜಾಸ್ತಿ ಎಂದರ್ಥ, ಇಂದು ಕಡಿಮೆ ಮಾಡಬೇಕು. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ, ಮೀನಖಂಡ ಊದಿ ನೋಯುತ್ತಿದ್ದರೆ ವ್ಯಾಯಾಮದ ಮಾತೇ ಇಲ್ಲ, ಅಂದೇ ಡಾಕ್ಟರಿಗೆ ಹೇಳಬೇಕು. ಎದೆನೋವು, ಉಸಿರಿನ ತೊಂದರೆ ಕಂಡರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನನಗೆ ಸಿಟ್ಟು ಬರುವ ವಿಷಯ ಒಂದಿದೆ. ಆಪರೇಷನ್ನಿಗೆ ಲಕ್ಷಗಟ್ಟಲೆ ಸುರಿದವರು ಫಿಸಿಯೋಥೆರಪಿಯ ಕೆಲವು ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ನಾಲ್ಕು ಸಲ ಬಂದು ತೋರಿಸಿಕೊಟ್ಟರಲ್ಲ, ಇನ್ನು ಮನೆಯಲ್ಲೇ ಮಾಡಿದರಾಯಿತು ಎಂದು ನಿಲ್ಲಿಸುತ್ತಾರೆ. ನನ್ನ ವಿಮೆಯವರೂ ಅದೇ ಜಾತಿ, ಲೋಹಕ್ಕೆ ಹಣ ಕೊಟ್ಟರು, ಮನೆಗೆ ಬಂದು ಆ ಲೋಹವನ್ನು ಆಡಿಸಲು ಕಲಿಸಿದವಳಿಗೆ ಕೊಡಲಿಲ್ಲ. ಕೊಡುವವರೂ ಇದ್ದಾರಂತೆ. ಆಪರೇಷನ್ನಿಗೆ ಹೊರಟವರು ಪಾಲಿಸಿಯ ಆ ಸಾಲನ್ನು ಮೊದಲೇ ಓದಿಕೊಳ್ಳಿ.

ಮೂರನೇ ತಿಂಗಳಿಗೆ ಆ ಕೋನಮಾಪಕ 6 ಡಿಗ್ರಿ ತೋರಿಸಿತು. ಆರನೇ ತಿಂಗಳಿಗೆ 9. ವರ್ಷ ತುಂಬಿದಾಗ 11, ಅಲ್ಲಿಗೇ ನಿಂತಿದೆ. ಹೊಸ ಗಿಣ್ಣು ಹಳೆಯ ಆರೋಗ್ಯವಂತ ಗಿಣ್ಣಿನಷ್ಟು ಬಾಗುವುದಿಲ್ಲ, ಬಾಗಬೇಕೆಂದು ಯಾರೂ ಹೇಳಿಯೂ ಇರಲಿಲ್ಲ. ಕುಕ್ಕರಗಾಲು ನನಗಿನ್ನಿಲ್ಲ. ಓಡುವುದು, ನೆಗೆಯುವುದು ಬೇಡ ಎಂದಿದ್ದಾರೆ, ಪ್ಲಾಸ್ಟಿಕ್ ಬಿಲ್ಲೆ ಬೇಗ ಸವೆಯುತ್ತದೆ. ನಡಿಗೆ, ಸೈಕಲ್, ಈಜು ಆಗಬಹುದು. ಸಂಜೆಯ ಹೊತ್ತಿಗೆ ಒಂದಿಷ್ಟು ಊತ ಒಂದು ವರ್ಷದವರೆಗೂ ಇರುತ್ತದೆ ಎಂದಿದ್ದರು, ನನಗೆ ಅದಕ್ಕೂ ಸ್ವಲ್ಪ ಹೆಚ್ಚೇ ಇತ್ತು. ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಬೇಕು.

ಈಗ ಹಾಸನದಲ್ಲಿ ಬೆಳಿಗ್ಗೆ ಮಾರುಕಟ್ಟೆಗೆ ನಡೆದೇ ಹೋಗಿಬರುತ್ತೇನೆ, ಕೈಯಲ್ಲಿ ಸೊಪ್ಪಿನ ಚೀಲ, ಕೋಲಿಲ್ಲ. ಫಿಸಿಯೋ ಹುಡುಗಿ ಕೊನೆಯ ದಿನ ಬಿಟ್ಟುಹೋದ ಒಂದು ಪಾಠ ಇನ್ನೂ ನಡೆದಿದೆ: ಅಡುಗೆಮನೆಯ ಕಟ್ಟೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದು. ಬಲಗಾಲಿನ ಮೇಲೆ 22 ಸೆಕೆಂಡು, ಹೊಸ ಗಿಣ್ಣಿನ ಮೇಲೆ 9. ರಜೆಗೆ ಬಂದ ಮೊಮ್ಮಗಳು ಹೊಸ ಗಿಣ್ಣಿನ ಮೇಲೆ 16 ಆಯಿತು ಎನ್ನುತ್ತಾಳೆ. ಅವಳು ಬೇಗಬೇಗ ಎಣಿಸುತ್ತಾಳೆ. ಡೈರಿಯಲ್ಲಿ ನಾನು 9 ಎಂದೇ ಬರೆದಿದ್ದೇನೆ.